ಅಪ್ಪನ ಟ್ರಂಕಿನಲ್ಲಿ ಹಳೇ ಪಾಸ್‌ಬುಕ್, ಎಫ್‌ಡಿ ರಸೀದಿ, ಷೇರು ಪತ್ರ ಸಿಕ್ಕಿವೆ. ಯಾವ ಕಾಗದ ಮೊದಲು ಮಾಡಿಸಬೇಕು?

ಜಯನಗರದ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಹೋದ ಭಾನುವಾರ ಅಟ್ಟ ಖಾಲಿ ಮಾಡುವಾಗ ಅವರ ತಗಡಿನ ಟ್ರಂಕ್ ಕೆಳಗಿಳಿಸಿದೆವು. ಮುಚ್ಚಳ ತೆಗೆದರೆ ನುಸಿಗುಳಿಗೆ ವಾಸನೆ. ಮೇಲೆ ಅಮ್ಮನ ಧಾರೆ ಸೀರೆ. ಅದರ ಕೆಳಗೆ ಬಟ್ಟೆ ಅಂಗಡಿಯ ಕವರ್ ಒಂದನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು.

ಕವರಿನಲ್ಲಿ ಒಂದು ಬ್ಯಾಂಕ್ ಪಾಸ್‌ಬುಕ್ ಇತ್ತು. ಕೊನೆಯ ಎಂಟ್ರಿ 2004ರದು, ನೀಲಿ ಇಂಕಿನಲ್ಲಿ ಕೈಯಲ್ಲೇ ಬರೆದದ್ದು, ಬಾಕಿ ₹41,260. ಆ ಹೆಸರಿನ ಬ್ಯಾಂಕ್ ಈಗ ಇಲ್ಲವೇ ಇಲ್ಲ. ಇನ್ನೊಂದು ಬ್ಯಾಂಕಿನ ಎಫ್‌ಡಿ ರಸೀದಿ ಇದೆ, ಒಂದು ಲಕ್ಷದ್ದು, 2011ಕ್ಕೇ ಮುಗಿದಿದೆ. ಮೈಕೋ ಕಂಪನಿಯ 20 ಷೇರುಗಳ ಕಾಗದ. 2012ರಲ್ಲಿ ಮೆಚ್ಯೂರ್ ಆದ ಒಂದು ಎಲ್‌ಐಸಿ ಬಾಂಡ್. ಅಪ್ಪ ಇದ್ಯಾವುದನ್ನೂ ನಮಗೆ ಹೇಳಿರಲಿಲ್ಲ. ಕೊನೆಯ ವರ್ಷಗಳಲ್ಲಿ ಅವರಿಗೆ ಮರೆವಿನ ಕಾಯಿಲೆ ಇತ್ತು. ಹೇಳಬೇಕು ಅಂತ ಇದ್ದರೂ ನೆನಪಾಗಿರಲಿಕ್ಕಿಲ್ಲ.

ಈಗ ನನ್ನ ತಲೆನೋವು ಹೆಸರು. ಪಾಸ್‌ಬುಕ್ಕಿನಲ್ಲಿ ಮುಂದೆ ಎರಡು ಇನಿಷಿಯಲ್. ಎಫ್‌ಡಿಯಲ್ಲಿ ಒಂದೇ ಇನಿಷಿಯಲ್, ಅದೂ ಹೆಸರಿನ ಹಿಂದೆ. ಷೇರಿನಲ್ಲಿ ಊರಿನ ಹೆಸರು, ತಾತನ ಹೆಸರು, ಅಪ್ಪನ ಹೆಸರು ಮೂರೂ ಉದ್ದಕ್ಕೆ. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಇಂಗ್ಲಿಷಿನಲ್ಲಿ ಒಂದು 'ಎ' ಜಾಸ್ತಿ. ಮರಣ ಪ್ರಮಾಣ ಪತ್ರ ಆಧಾರ್ ನೋಡಿಕೊಂಡೇ ಬರೆದದ್ದು.

ಒಂದು ಶಾಖೆಗೆ ಹೋಗಿ ವಿಚಾರಿಸಿದೆ. ಕೌಂಟರಿನಲ್ಲಿದ್ದವರು ಪಾಸ್‌ಬುಕ್ ಮುಟ್ಟಿಯೂ ನೋಡಲಿಲ್ಲ. "ಕೋರ್ಟ್ ಆರ್ಡರ್ ತನ್ನಿ" ಅಂದರು, ಅಷ್ಟೇ. ಮನೆಯಲ್ಲಿ ಅಮ್ಮ, ನಾನು, ನ್ಯೂಜೆರ್ಸಿಯಲ್ಲಿರುವ ತಮ್ಮ. ನಮ್ಮ ನಡುವೆ ಜಗಳವೇನೂ ಇಲ್ಲ. ಕೋರ್ಟಿಗೇ ಹೋಗಬೇಕಾ? ಎಲ್ಲಿಂದ ಶುರು ಮಾಡಲಿ? ಈ ದಾರಿ ನಡೆದು ಬಂದವರು ದಯವಿಟ್ಟು ಹೇಳಿ.

ನಿವೃತ್ತ ಬ್ಯಾಂಕ್ ನೌಕರ, ಮಲ್ಲೇಶ್ವರ

ಅಮ್ಮಾ, ಮೊದಲು ಗಾಬರಿ ಬಿಡಿ. ಆ ಹಣ ಎಲ್ಲೂ ಹೋಗಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿದ್ದೆ. ಇಂಥ ಪಾಸ್‌ಬುಕ್ ಹಿಡಿದು ಬಂದ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಎರಡು ವರ್ಷ ಖಾತೆದಾರರು ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯ ಅಂತ ಆಗುತ್ತದೆ. ಹತ್ತು ವರ್ಷ ದಾಟಿದರೆ ಬ್ಯಾಂಕ್ ಆ ಹಣವನ್ನು ರಿಸರ್ವ್ ಬ್ಯಾಂಕಿನ ಡಿಇಎ ಫಂಡಿಗೆ, ಅಂದರೆ ಯಾರೂ ಕೇಳದೆ ಉಳಿದ ಠೇವಣಿಗಳ ನಿಧಿಗೆ, ಕಳಿಸುತ್ತದೆ. ಈ ಫಂಡ್ ಶುರುವಾದದ್ದು 2014ರಲ್ಲಿ. ಹಣ ಅಲ್ಲಿಗೆ ಹೋದರೂ ನೀವು ಕೇಳಬೇಕಾದದ್ದು ನಿಮ್ಮ ಬ್ಯಾಂಕನ್ನೇ. ಬ್ಯಾಂಕ್ ನಿಮಗೆ ಕೊಟ್ಟು, ಆಮೇಲೆ ರಿಸರ್ವ್ ಬ್ಯಾಂಕಿನಿಂದ ತಗೊಳ್ಳುತ್ತದೆ. ಕೇಳುವುದಕ್ಕೆ ಕೊನೆಯ ದಿನ ಅಂತ ಇಲ್ಲ. ಬಡ್ಡಿ ಇರುವ ಖಾತೆಯಾದರೆ ಫಂಡಿನಲ್ಲಿದ್ದ ಕಾಲಕ್ಕೂ ಬಡ್ಡಿ ಉಂಟು. 2021ರ ಮೇ 11ರಿಂದ ಅದು ವರ್ಷಕ್ಕೆ ಶೇ 3, ಸರಳ ಬಡ್ಡಿ.

ಬ್ಯಾಂಕಿನ ಹೆಸರು ಇಲ್ಲ ಅಂದಿರಿ. ನಮ್ಮ ಕಡೆ ಇದು ಎಲ್ಲರ ಮನೆಯ ಕಥೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐಗೆ ಸೇರಿತು. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಗೆ, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಐಎನ್‌ಜಿ ವೈಶ್ಯ 2015ರಲ್ಲಿ ಕೋಟಕ್‌ಗೆ. ನಿಮ್ಮದು ಯಾವುದೋ ಅದರ ಈಗಿನ ಮನೆಗೆ ಹೋಗಿ. ಹಳೇ ಶಾಖೆಯೇ ಆಗಬೇಕು ಅಂತ ಇಲ್ಲ.

ಹೋಗುವ ಮುಂಚೆ ಮನೆಯಲ್ಲೇ ಉದ್ಗಮ್ ಪೋರ್ಟಲ್ ನೋಡಿ, ಇಂಥ ಹಳೇ ಠೇವಣಿ ಹುಡುಕುವ ವೆಬ್‌ಸೈಟ್ ಅದು. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 17ರಂದು ಶುರು ಮಾಡಿದ್ದು. ನಿಮ್ಮ ಮೊಬೈಲ್ ನಂಬರಿನಲ್ಲಿ ನೋಂದಣಿ ಮಾಡಿಕೊಂಡು, ಅಪ್ಪನ ಹೆಸರು ಮತ್ತು ಪಾನ್, ವೋಟರ್ ಐಡಿ, ಹುಟ್ಟಿದ ದಿನ, ಇಂಥದ್ದು ಒಂದು ಕೊಟ್ಟು ಹುಡುಕಬೇಕು. ಇಲ್ಲಿ ಒಂದು ಮಾತು ಮನಸ್ಸಿನಲ್ಲಿಡಿ. ಇನಿಷಿಯಲ್ ಮುಂದೆ ಹಾಕಿ ಒಂದು ಸಲ, ಹಿಂದೆ ಹಾಕಿ ಒಂದು ಸಲ, ಇಲ್ಲದೆ ಒಂದು ಸಲ ಹುಡುಕಿ. ಒಂದೇ ಸಲ ನೋಡಿ "ಇಲ್ಲ" ಅಂತ ಕೈಬಿಟ್ಟವರು ತುಂಬಾ ಜನ. ಸಿಕ್ಕರೆ ಯುಡಿಆರ್‌ಎನ್ ಅಂತ ಆ ಠೇವಣಿಯ ಗುರುತಿನ ನಂಬರ್ ಒಂದು ತೋರಿಸುತ್ತದೆ, ಬರೆದುಕೊಳ್ಳಿ.

ಇನ್ನು "ಕೋರ್ಟ್ ಆರ್ಡರ್ ತನ್ನಿ" ಅನ್ನುವ ಮಾತು. ಪಾಸ್‌ಬುಕ್ಕಿನ ಮೊದಲ ಪುಟ, ಎಫ್‌ಡಿಯ ಹಿಂಬದಿ ನೋಡಿ. ನಾಮಿನಿ ಹೆಸರು ಇದೆಯಾ? ಇದ್ದರೆ ಕ್ಲೇಮ್ ಫಾರಂ, ಮರಣ ಪ್ರಮಾಣ ಪತ್ರ, ನಾಮಿನಿಯ ಗುರುತಿನ ಚೀಟಿ, ಇಷ್ಟೇ ಸಾಕು. ಹಣ ಎಷ್ಟೇ ಇರಲಿ. ಜಂಟಿ ಖಾತೆಯಾಗಿ 'ಇಬ್ಬರಲ್ಲಿ ಒಬ್ಬರು ಅಥವಾ ಬದುಕಿರುವವರು' ಅಂತ ಇದ್ದರೂ ಅಷ್ಟೇ.

ನಾಮಿನಿ ಇಲ್ಲದಿದ್ದರೆ? ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್ 26ರಂದು ಹೊಸ ನಿರ್ದೇಶನ ಹೊರಡಿಸಿದೆ. ವಾಣಿಜ್ಯ ಬ್ಯಾಂಕುಗಳಲ್ಲಿ ₹15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ ₹5 ಲಕ್ಷದವರೆಗೆ ಸರಳ ದಾರಿ. ವಿಲ್ ಇಲ್ಲ, ತಕರಾರಿಲ್ಲ ಅಂದರೆ ಕೋರ್ಟ್ ಬೇಕಿಲ್ಲ. ಕ್ಲೇಮ್ ಮಾಡುವವರ ಇಂಡೆಮ್ನಿಟಿ ಬಾಂಡ್ (ಮುಂದೆ ನಷ್ಟವಾದರೆ ತುಂಬಿಕೊಡುತ್ತೇವೆ ಅನ್ನುವ ಮುಚ್ಚಳಿಕೆ), ಉಳಿದ ವಾರಸುದಾರರ ಒಪ್ಪಿಗೆ ಪತ್ರ, ವಾರಸುದಾರರು ಯಾರು ಅನ್ನುವುದಕ್ಕೆ ಒಂದು ದಾಖಲೆ. ಎಲ್ಲ ಕಾಗದ ಕೊಟ್ಟ ಮೇಲೆ 15 ದಿನದೊಳಗೆ ಇತ್ಯರ್ಥ ಮಾಡಬೇಕು. ತಡವಾದರೆ ಬ್ಯಾಂಕ್ ಬಡ್ಡಿ ಕಟ್ಟಿಕೊಡಬೇಕು. ಇದನ್ನು ಜಾರಿಗೆ ತರಲು ಬ್ಯಾಂಕುಗಳಿಗೆ 2026ರ ಮಾರ್ಚ್ 31ರ ಗಡುವು ಕೊಟ್ಟಿದ್ದರು.

ಇನ್ನೊಮ್ಮೆ ಹೋದಾಗ ಬಾಯಿಮಾತಿಗೆ ಬಾಯಿಮಾತು ಬೇಡ. ಅರ್ಜಿ ಎರಡು ಪ್ರತಿ ಮಾಡಿ. ಒಂದು ಕೊಡಿ, ಇನ್ನೊಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಏನು ಕಾಗದ ಕಮ್ಮಿ ಇದೆಯೋ ಬರೆದುಕೊಡಿ ಅಂತ ಕೇಳಿ. ಬರೆದುಕೊಡಬೇಕಾದಾಗ ಯಾರೂ ಸುಮ್ನೆ ಕೋರ್ಟಿಗೆ ಅಟ್ಟುವುದಿಲ್ಲ.

ಜಯನಗರದ ಮಗಳು

ಸರ್, ಓದುತ್ತಾ ಕಣ್ಣು ತುಂಬಿಬಂತು. ಈಗಷ್ಟೇ ಎಫ್‌ಡಿ ಹಿಂದೆ ತಿರುಗಿಸಿ ನೋಡಿದೆ. ನಾಮಿನಿ ಜಾಗದಲ್ಲಿ ಅಮ್ಮನ ಹೆಸರಿದೆ! ಆದರೆ ಹೆಸರಿನ ಕೊನೆಗೆ 'ಅಮ್ಮ' ಅಂತ ಇದೆ. ಅವರ ಆಧಾರ್‌ನಲ್ಲಿ 'ದೇವಿ'. ಪಾಸ್‌ಬುಕ್ಕಿನಲ್ಲಿ ನಾಮಿನಿ ಇಲ್ಲ.

ಅಪ್ಪನ ಸಹಿ ಎಲ್ಲ ಕಡೆ ಕನ್ನಡದಲ್ಲೇ ಇದೆ. ಹೆಸರು ನಾಲ್ಕು ಥರ, ಸಹಿ ಮಾತ್ರ ಒಂದೇ ಥರ.

ಕೆಂಗೇರಿ ಉಪನಗರ

ಅಕ್ಕ, ಆ ಸಹಿಯನ್ನು ಬಿಡಬೇಡಿ, ನಿಮ್ಮ ಕೈಲಿರುವ ಗಟ್ಟಿ ಸಾಕ್ಷಿ ಅದೇ. ನಮ್ಮ ಮಾವನ ಕಾಗದಗಳಿಗೆ ನಾನೇ ಓಡಾಡಿದ್ದು. ನನ್ನ ಅನುಭವ ಹೇಳುತ್ತೇನೆ.

ಮರಣ ಪ್ರಮಾಣ ಪತ್ರ ನಿಮ್ಮ ಹತ್ತಿರ ಇದೆ. ಡಿಜಿಟಲ್ ಸಹಿ ಇರುವ ಪ್ರತಿ ಇ-ಜನ್ಮ ಅನ್ನುವ ಸರ್ಕಾರದ ಜನನ-ಮರಣ ವೆಬ್‌ಸೈಟಿನಲ್ಲಿ ಸಿಗುತ್ತದೆ. ಎಂಟು ಹತ್ತು ಪ್ರತಿ ಇಟ್ಟುಕೊಳ್ಳಿ, ಎಲ್ಲ ಕಡೆ ಒಂದೊಂದು ಕೇಳುತ್ತಾರೆ. ಅದರಲ್ಲಿ ತಪ್ಪಿದ್ದರೆ ಬೇರೆ ಯಾವ ಕೆಲಸಕ್ಕೂ ಕೈ ಹಾಕುವ ಮುಂಚೆ ಅದನ್ನು ಸರಿ ಮಾಡಿಸಿ. ಯಾಕೆಂದರೆ ಮುಂದಿನ ಪ್ರತಿ ಕಾಗದವೂ ಅದನ್ನೇ ನೋಡಿ ಬರೆಯುವುದು. ತಪ್ಪು ಅಲ್ಲಿದ್ದರೆ ಹತ್ತು ಕಡೆ ತಪ್ಪು.

ಆಮೇಲೆ ನಾಡಕಚೇರಿ. ಎರಡು ಕಾಗದ ಬೇಕು. ವಂಶವೃಕ್ಷ ಒಂದು, ಬದುಕಿರುವ ಕುಟುಂಬ ಸದಸ್ಯರ ಪ್ರಮಾಣ ಪತ್ರ ಇನ್ನೊಂದು. ಆನ್‌ಲೈನಿನಲ್ಲೂ ಹಾಕಬಹುದು, ಬೆಂಗಳೂರು ಒನ್‌ಗೆ ಹೋಗಿಯೂ ಹಾಕಬಹುದು. ಮನೆಯವರೆಲ್ಲರ ಆಧಾರ್, ರೇಷನ್ ಕಾರ್ಡ್, ಮರಣ ಪ್ರಮಾಣ ಪತ್ರ, ವಂಶವೃಕ್ಷದ ಅಫಿಡವಿಟ್ ಜೊತೆಗಿರಲಿ. ಅರ್ಜಿ ಹಾಕಿದ ಕೂಡಲೇ ಸಕಾಲ ನಂಬರ್ ಕೊಡುತ್ತಾರೆ. ಆ ಚೀಟಿ ಕಳೆಯಬೇಡಿ. ಗ್ರಾಮ ಆಡಳಿತಾಧಿಕಾರಿ, ರೆವಿನ್ಯೂ ಇನ್ಸ್‌ಪೆಕ್ಟರ್ ವಿಚಾರಣೆ ಮಾಡುತ್ತಾರೆ. ಅಕ್ಕಪಕ್ಕದ ಮನೆಯವರನ್ನು ಕೇಳುವುದೂ ಉಂಟು. ಅದಕ್ಕೆ ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ. ನಮ್ಮ ಎದುರು ಮನೆ ಅಜ್ಜ ಯಾರೋ ಏನೋ ಅಂತ ಹೆದರಿ "ನನಗೆ ಗೊತ್ತಿಲ್ಲ" ಅಂದುಬಿಟ್ಟಿದ್ದರು. ಇನ್ನೊಂದು ಸಲ ಕರೆಸಬೇಕಾಯಿತು.

ಹೆಸರಿನ ಗೊಂದಲಕ್ಕೆ 'ಎಲ್ಲ ಹೆಸರಿನವರೂ ಒಬ್ಬರೇ' ಅಂತ ಅಫಿಡವಿಟ್ ಮಾಡಿಸಬೇಕು. ಇದರಲ್ಲಿ ನಾನು ಕಲಿತದ್ದು ಒಂದಿದೆ. ಹೆಸರುಗಳನ್ನು ಕಾಗದದಲ್ಲಿ ಇರುವ ಹಾಗೇ, ಚುಕ್ಕೆ, ಅಂತರ, ಸ್ಪೆಲಿಂಗ್ ಸಮೇತ ಬರೆಸಿ. ಪ್ರತಿ ಹೆಸರಿನ ಪಕ್ಕ ಅದು ಯಾವ ದಾಖಲೆಯದು, ಅದರ ನಂಬರ್ ಏನು ಅಂತ ಹಾಕಿಸಿ. ಟೈಪ್ ಮಾಡುವವರು "ಎಲ್ಲ ಒಂದೇ ಅಲ್ವಾ ಸಾರ್" ಅಂತ ಸರಿ ಮಾಡಿಬಿಡುತ್ತಾರೆ. ಸರಿ ಮಾಡಿದರೆ ಆ ಅಫಿಡವಿಟ್ ಮಾಡಿಸಿದ್ದೇ ವ್ಯರ್ಥ. ನಾನು ಕೆ.ಜಿ. ರಸ್ತೆ ಕಂದಾಯ ಭವನದ ಹತ್ತಿರ ಮಾಡಿಸಿದೆ. ನಿಂತು ಅಕ್ಷರ ಅಕ್ಷರ ಓದಿ ನೋಡಿದ ಮೇಲೇ ನೋಟರಿ ಸೀಲು ಹಾಕಿಸಿದ್ದು.

ವಕೀಲೆ, ವಿಜಯನಗರ

ಮೇಡಂ, ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಅಪ್ಪ ತೀರಿಕೊಂಡಾಗ ಅವರ ತಾಯಿ, ನಿಮ್ಮ ಅಜ್ಜಿ, ಬದುಕಿದ್ದರಾ?

ಜಯನಗರದ ಮಗಳು

ಇದ್ದರು ಮೇಡಂ, ಈಗಲೂ ಇದ್ದಾರೆ. ಎಂಬತ್ತೊಂಬತ್ತು ವರ್ಷ. ತುಮಕೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಾರೆ. ಯಾಕೆ? ನಾನು ನಿನ್ನೆ ಸಂಜೆಯಷ್ಟೇ ವಂಶವೃಕ್ಷಕ್ಕೆ ಅರ್ಜಿ ಹಾಕಿದೆ. ಅಮ್ಮ, ನಾನು, ತಮ್ಮ ಅಂತ ಮೂರೇ ಹೆಸರು ಕೊಟ್ಟಿದ್ದೇನೆ.

ವಕೀಲೆ, ವಿಜಯನಗರ

ಅದನ್ನೇ ಕೇಳಿದ್ದು. ಅರ್ಜಿ ತಿದ್ದಿಸಿ, ಈಗಲೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಮೊದಲ ವರ್ಗದ ವಾರಸುದಾರರು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ. ತಾಯಿಗೂ ನಿಮ್ಮಷ್ಟೇ ಪಾಲು. ಜನ ಅಜ್ಜಿಯನ್ನು ಮರೆತುಬಿಡುತ್ತಾರೆ. ಬೇಕೂಂತ ಅಲ್ಲ. ಮಗನ ಸಂಸಾರದ ಲೆಕ್ಕದಲ್ಲಿ ತಾಯಿ ಬರುತ್ತಾಳೆ ಅಂತ ಹೊಳೆಯುವುದೇ ಇಲ್ಲ.

ಇದು ಬರೀ ಕಾನೂನಿನ ಮಾತಲ್ಲ, ನಿಮಗೆ ಮುಂದೆ ಬರುವ ಕಷ್ಟ. ಅಜ್ಜಿ ಇರುವಾಗ ಅವರೊಬ್ಬರ ಒಪ್ಪಿಗೆ ಸಾಕು. ಅವರ ಕಾಲದ ನಂತರ ಆ ಪಾಲಿಗೆ ನಿಮ್ಮ ಚಿಕ್ಕಪ್ಪ, ಅತ್ತೆಯಂದಿರೂ ಹಕ್ಕುದಾರರು. ಆಗ ಎಲ್ಲರ ಸಹಿ ಬೇಕಾಗುತ್ತದೆ. ಒಬ್ಬರನ್ನು ಬಿಟ್ಟು ಮಾಡಿಸಿದ ವಂಶವೃಕ್ಷ ಆಮೇಲೆ ಸುಳ್ಳು ದಾಖಲೆ ಅಂತಲೂ ಆಗಬಹುದು.

ನಾಮಿನಿ ಬಗ್ಗೆಯೂ ಒಂದು ಮಾತು. ನಾಮಿನಿ ಅಂದರೆ ಹಣ ಕೈಗೆ ತಗೊಳ್ಳುವವರು. ಒಡೆಯರು ವಾರಸುದಾರರೇ. ಸುಪ್ರೀಂ ಕೋರ್ಟ್ ವಿಮೆ ಬಗ್ಗೆ 1983ರಲ್ಲೇ ಹೀಗೆ ಹೇಳಿತು, ಷೇರುಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಹೇಳಿತು. ವಿಮೆಗೆ 2015ರಲ್ಲಿ ತಿದ್ದುಪಡಿ ಬಂದು ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿ ಆಗಿದ್ದರೆ ಸ್ವಲ್ಪ ಬೇರೆ ಲೆಕ್ಕ. ಆದರೆ ಬ್ಯಾಂಕಿನ ಎಫ್‌ಡಿ ನಿಮ್ಮ ಅಮ್ಮನ ಕೈಗೆ ಬಂದರೂ ಅದರಲ್ಲಿ ಅಜ್ಜಿಯ ಪಾಲು ಇದ್ದೇ ಇರುತ್ತದೆ.

ನಾನು ಹೇಳಿದ್ದು ಹಿಂದೂ ಕುಟುಂಬಗಳ ಲೆಕ್ಕ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾನೂನು, ಬೇರೆ ಪಾಲು. ಓದುತ್ತಿರುವವರು ಇದನ್ನೇ ತಮಗೂ ಅಂದುಕೊಳ್ಳಬೇಡಿ.

ಜಯನಗರದ ಮಗಳು

ಮೇಡಂ, ಕೈ ನಡುಗಿಬಿಟ್ಟಿತು. ಅಜ್ಜಿ ಪ್ರತಿ ಯುಗಾದಿಗೆ ನನಗೆ ಸೆರಗಿನ ಗಂಟು ಬಿಚ್ಚಿ ಹಣ ಕೊಡುವವರು. ಅವರನ್ನೇ ಬಿಟ್ಟುಬಿಟ್ಟಿದ್ದೆ. ಬೆಳಿಗ್ಗೆಯೇ ಹೋಗಿ ಅರ್ಜಿ ವಾಪಸ್ ತಗೊಂಡು ನಾಲ್ಕು ಹೆಸರು ಹಾಕಿ ಮತ್ತೆ ಕೊಡುತ್ತೇನೆ.

ಆಡುಗೋಡಿ ಕಾರ್ಮಿಕನ ಮಗ

ಷೇರಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮಪ್ಪನೂ ಮೈಕೋದಲ್ಲೇ ಇದ್ದದ್ದು. ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿತು. ನಿಮ್ಮ ಕಾಗದಕ್ಕೆ ಬೆಲೆ ಇದೆ ಅಕ್ಕ. ಒಂದೊಂದು ಷೇರಿಗೆ ಹತ್ತಾರು ಸಾವಿರ ರೂಪಾಯಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಗುಂಡುಪಿನ್ನು ತೆಗೆದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಸಡಿಲವಾಗಿ ಇಡಿ.

ಏಳು ವರ್ಷ ಸತತವಾಗಿ ಡಿವಿಡೆಂಡ್ ತಗೊಳ್ಳದಿದ್ದರೆ ಡಿವಿಡೆಂಡೂ ಷೇರೂ ಎರಡೂ ಐಇಪಿಎಫ್ ಅನ್ನುವ ಕೇಂದ್ರ ಸರ್ಕಾರದ ನಿಧಿಗೆ ಹೋಗುತ್ತವೆ. ನಿಮ್ಮದು ಹೋಗಿರಬಹುದು. ಐಇಪಿಎಫ್ ವೆಬ್‌ಸೈಟಿನಲ್ಲಿ ಹೆಸರು, ಫೋಲಿಯೊ ನಂಬರ್ ಹಾಕಿ ನೋಡಿ. ಫೋಲಿಯೊ ನಂಬರ್ ಷೇರು ಪತ್ರದ ಮೇಲೇ ಇರುತ್ತದೆ.

ನಾನು ಮಾಡಿದ ತಪ್ಪು ಹೇಳುತ್ತೇನೆ. ನೇರವಾಗಿ ಐಇಪಿಎಫ್-5 ಫಾರಂ ತುಂಬಲು ಕೂತೆ. ಹಾಗಾಗುವುದಿಲ್ಲ. ಮೊದಲು ಕಂಪನಿಯ ರಿಜಿಸ್ಟ್ರಾರ್ (ಷೇರುದಾರರ ಲೆಕ್ಕ ಇಡುವ ಸಂಸ್ಥೆ) ಹತ್ತಿರ ಅಪ್ಪನ ಹೆಸರಿನಿಂದ ನಮ್ಮ ಹೆಸರಿಗೆ ಹಕ್ಕು ಬರಬೇಕು. ಅದಕ್ಕೆ ಐಎಸ್‌ಆರ್-5 ಫಾರಂ. ಕೆವೈಸಿಗೆ ಐಎಸ್‌ಆರ್-1. ಬ್ಯಾಂಕ್ ಮ್ಯಾನೇಜರ್ ನಮ್ಮ ಸಹಿ ದೃಢೀಕರಿಸುವುದು ಐಎಸ್‌ಆರ್-2. ಎಲ್ಲ ಒಪ್ಪಿದ ಮೇಲೆ ಕಂಪನಿ ಎನ್‌ಟೈಟಲ್‌ಮೆಂಟ್ ಲೆಟರ್, ಅಂದರೆ ಹಕ್ಕು ನಿಮ್ಮದು ಅನ್ನುವ ಪತ್ರ, ಕೊಡುತ್ತದೆ. ಆ ಪತ್ರ ಕೈಗೆ ಬಂದ ಮೇಲೆ ಐಇಪಿಎಫ್-5. ಅದರ ಪ್ರಿಂಟ್, ಇಂಡೆಮ್ನಿಟಿ ಬಾಂಡ್, ಮೂಲ ಷೇರು ಪತ್ರ, ರದ್ದು ಮಾಡಿದ ಚೆಕ್, ಡಿಮ್ಯಾಟ್ (ಷೇರುಗಳನ್ನು ಕಂಪ್ಯೂಟರಿನಲ್ಲೇ ಇಡುವ) ಖಾತೆಯ ವಿವರದ ಕ್ಲೈಂಟ್ ಮಾಸ್ಟರ್ ಲಿಸ್ಟ್, ಎಲ್ಲ ಸೇರಿಸಿ ಕಂಪನಿಯ ನೋಡಲ್ ಆಫೀಸರ್‌ಗೆ ಕಳಿಸಬೇಕು. ಷೇರು ವಾಪಸ್ ಬರುವುದು ಡಿಮ್ಯಾಟ್‌ಗೇ, ಕಾಗದದಲ್ಲಿ ಅಲ್ಲ. ಆದ್ದರಿಂದ ಅಮ್ಮನ ಹೆಸರಿನಲ್ಲಿ ಒಂದು ಡಿಮ್ಯಾಟ್ ಈಗಲೇ ತೆರೆಸಿ. ಒಂದು ಕಂಪನಿಗೆ ಒಂದು ಆರ್ಥಿಕ ವರ್ಷದಲ್ಲಿ ಒಂದೇ ಕ್ಲೇಮ್. ಆತುರದಲ್ಲಿ ಅರ್ಧ ಕಾಗದ ಕಳಿಸಬೇಡಿ. ನಮಗೆ ತಿಂಗಳುಗಟ್ಟಲೆ ಹಿಡಿಯಿತು, ಆದರೆ ಬಂತು. ಫಾರಂಗೆ ಶುಲ್ಕ ಇಲ್ಲ.

ನಿವೃತ್ತ ಬ್ಯಾಂಕ್ ನೌಕರ, ಮಲ್ಲೇಶ್ವರ

ಎಲ್ಲಕ್ಕೂ ನಾಡಕಚೇರಿ ಕಾಗದದಲ್ಲೇ ಮುಗಿಸಲು ನೋಡಿ ಅನ್ನುವುದು ನನ್ನ ಸಲಹೆ. ಕೋರ್ಟಿಗೆ ಹೋದರೆ ಸಮಯವೂ ಹಣವೂ ಜಾಸ್ತಿ.

ವಕೀಲೆ, ವಿಜಯನಗರ

ಸರ್, ಬ್ಯಾಂಕಿನ ಮಟ್ಟಿಗೆ ನಿಮ್ಮ ಮಾತು ಸರಿ. ಷೇರಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಷೇರುಪೇಟೆ ನೋಡಿಕೊಳ್ಳುವ ಸೆಬಿ 2022ರಲ್ಲಿ ಹಾಕಿದ ಲೆಕ್ಕದಲ್ಲಿ ಕಾಗದದ ಷೇರಿಗೆ ಸರಳ ದಾರಿ ಇದ್ದದ್ದು ₹5 ಲಕ್ಷದವರೆಗೆ. 20 ಷೇರೇ ಅದನ್ನು ದಾಟಬಹುದು. ದಾಟಿದರೆ ಸಕ್ಸೆಷನ್ ಸರ್ಟಿಫಿಕೇಟ್ (ವಾರಸುದಾರರು ಯಾರು ಅಂತ ಕೋರ್ಟ್ ಕೊಡುವ ಪತ್ರ) ಅಥವಾ ವಾರಸುದಾರರ ಪ್ರಮಾಣ ಪತ್ರ, ಇಂಥದ್ದು ಕೇಳುತ್ತಾರೆ. ನಮ್ಮ ನಾಡಕಚೇರಿಯ ಬದುಕಿರುವ ಸದಸ್ಯರ ಪತ್ರವನ್ನು ಹೊರರಾಜ್ಯದಲ್ಲಿ ಕೂತ ರಿಜಿಸ್ಟ್ರಾರ್ ಒಪ್ಪುತ್ತಾರಾ ಅನ್ನುವುದನ್ನು ಮೊದಲೇ ಇಮೇಲ್‌ನಲ್ಲಿ ಕೇಳಿ ತಿಳಿದುಕೊಳ್ಳಬೇಕು. ಒಪ್ಪದಿದ್ದರೆ 1925ರ ಉತ್ತರಾಧಿಕಾರ ಕಾಯ್ದೆಯ 372ನೇ ಕಲಮಿನ ಕೆಳಗೆ ಸಿವಿಲ್ ಕೋರ್ಟಿನಲ್ಲಿ ಅರ್ಜಿ.

ಹಾಗೆ ಹೋಗುವುದಾದರೆ ಷೇರಿನ ಜೊತೆ ಪಾಸ್‌ಬುಕ್ ಹಣವನ್ನೂ ಷೆಡ್ಯೂಲಿನಲ್ಲಿ, ಅಂದರೆ ಅರ್ಜಿಯ ಜೊತೆಗಿನ ಆಸ್ತಿಪಟ್ಟಿಯಲ್ಲಿ, ಸೇರಿಸಿ. ಒಂದೇ ಸರ್ಟಿಫಿಕೇಟು ಎರಡಕ್ಕೂ ಆಗುತ್ತದೆ. ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಲು 376ನೇ ಕಲಮಿನಲ್ಲಿ ಅವಕಾಶ ಇದೆ, ಆದರೆ ಮತ್ತೆ ಓಡಾಟ. ಆಸ್ತಿಯ ಮೌಲ್ಯದ ಮೇಲೆ ಕೋರ್ಟ್ ಫೀ ಕಟ್ಟಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅದಕ್ಕೇ ಹೇಳುವುದು, ಮೊದಲು ಎಲ್ಲ ಹುಡುಕಿ ಮುಗಿಸಿ, ಆಮೇಲೆ ಕೋರ್ಟು. ಟ್ರಂಕಿನ ತಳದವರೆಗೂ ನೋಡಿದಿರಾ?

ನಿವೃತ್ತ ಬ್ಯಾಂಕ್ ನೌಕರ, ಮಲ್ಲೇಶ್ವರ

ಷೇರಿಗೆ ನೀವು ಹೇಳಿದ್ದು ಸರಿ ಅನ್ನಿಸುತ್ತದೆ. ನನ್ನ ಅನುಭವ ಡಿಪಾಸಿಟ್‌ಗಳದ್ದು ಮಾತ್ರ.

ಬೊಮ್ಮನಹಳ್ಳಿಯಿಂದ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಮ್ಮ ಗಾರ್ಮೆಂಟ್ಸ್‌ನಲ್ಲಿದ್ದರು. ಮೂರು ಫ್ಯಾಕ್ಟರಿ ಬದಲಿಸಿದ್ದರು, ಮೂರಕ್ಕೂ ಬೇರೆ ಬೇರೆ ಪಿಎಫ್ ನಂಬರ್. ಹೋದ ವರ್ಷ ತೀರಿಕೊಂಡರು. ಒಂದು ಫ್ಯಾಕ್ಟರಿ ಮುಚ್ಚಿಹೋಗಿದೆ. ಯಾರ ಹತ್ತಿರ ಸಹಿ ಹಾಕಿಸುವುದು? ನಮ್ಮಂಥವರಿಗೂ ಇದು ಸಿಗುತ್ತದಾ?

ಕೆಂಗೇರಿ ಉಪನಗರ

ಖಂಡಿತ ಸಿಗುತ್ತದೆ ತಮ್ಮ. ಅಮ್ಮ ದುಡಿದ ಹಣ ಅದು. ಹಳೇ ಸಂಬಳದ ಚೀಟಿ, ಇಎಸ್‌ಐ ಕಾರ್ಡ್, ಫ್ಯಾಕ್ಟರಿ ಗುರುತಿನ ಚೀಟಿ, ಏನಿದ್ದರೂ ಹುಡುಕು. ಪಿಎಫ್ ನಂಬರ್ ಅವುಗಳ ಮೇಲೆ ಇರುತ್ತದೆ. ತೀರಿಕೊಂಡವರ ಪಿಎಫ್‌ಗೆ ಫಾರಂ 20, ಪೆನ್ಷನ್‌ಗೆ 10-ಡಿ, ವಿಮೆಗೆ 5-ಐಎಫ್. ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರೆ ಆ ವಿಮೆ ಬಿಡಲೇಬೇಡ. ಫ್ಯಾಕ್ಟರಿ ಮುಚ್ಚಿದ್ದರೆ ಬ್ಯಾಂಕ್ ಮ್ಯಾನೇಜರ್ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಣ ಮಾಡಬಹುದು. ರಾಜಾ ರಾಮ್‌ಮೋಹನ್ ರಾಯ್ ರಸ್ತೆಯಲ್ಲಿ ಭವಿಷ್ಯನಿಧಿ ಭವನ ಇದೆ. ನಿನ್ನ ಫ್ಯಾಕ್ಟರಿ ಯಾವ ಕಚೇರಿಗೆ ಬರುತ್ತದೆ ಅಂತ ಮೊದಲು ಕೇಳಿ ತಿಳಿದುಕೋ. ಬೇಕಿದ್ದರೆ ನಾನೂ ಜೊತೆಗೆ ಬರುತ್ತೇನೆ. ನನಗೆ ಮೆಸೇಜ್ ಮಾಡು.

ರಾಜಾಜಿನಗರ ಅಮ್ಮ

ಎಲ್‌ಐಸಿ ಬಗ್ಗೆ ನಾನು ಹೇಳುತ್ತೇನಮ್ಮ, ನಮ್ಮ ಯಜಮಾನರದ್ದು ನಾನೇ ಮಾಡಿಸಿದೆ. ಹತ್ತು ವರ್ಷ ದಾಟಿದ ವಿಮೆ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಆದರೂ ಕೇಳಬೇಕಾದದ್ದು ಎಲ್‌ಐಸಿಯನ್ನೇ. ನಿಧಿಗೆ ಹೋದ ಮೇಲೆ 25 ವರ್ಷದವರೆಗೆ ಕೇಳಬಹುದು. ಎಲ್‌ಐಸಿ ವೆಬ್‌ಸೈಟಿನಲ್ಲಿ ಪಾಲಿಸಿ ನಂಬರ್, ಹೆಸರು, ಹುಟ್ಟಿದ ದಿನ ಹಾಕಿ ನೋಡಿ. ಮೂಲ ಬಾಂಡ್, ಡಿಸ್ಚಾರ್ಜ್ ಫಾರಂ, ಮರಣ ಪ್ರಮಾಣ ಪತ್ರ, ನಾಮಿನಿಯ ಆಧಾರ್, ಪಾನ್, ಬ್ಯಾಂಕ್ ವಿವರ ತಗೊಂಡು ಹೋಗಿ. ಬಾಂಡಿನಲ್ಲಿ ಬರೆದ ಶಾಖೆಯ ನಂಬರ್ ನೋಡಿಕೊಂಡು ಹೋದರೆ ಓಡಾಟ ಕಮ್ಮಿ. ನಾನು ಮೊದಲನೇ ದಿನ ಬೇರೆ ಶಾಖೆಯಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆ.

ಜಯನಗರದ ಮಗಳು

ಒಬ್ಬರು ಫೋನ್ ಮಾಡಿದ್ದರು. ಅಪ್ಪನ ಹೆಸರು, ಫೋಲಿಯೊ ನಂಬರ್ ಎರಡೂ ಅವರಿಗೆ ಗೊತ್ತಿತ್ತು! "ಮೇಡಂ ಎಲ್ಲ ನಾವೇ ಮಾಡಿಕೊಡುತ್ತೇವೆ, ಬಂದದ್ದರಲ್ಲಿ ಶೇ 25 ಕೊಡಿ, ಮೂಲ ಷೇರು ಪತ್ರ ಕೊಟ್ಟಿರಿ" ಅಂದರು. ಕೊಡಬಹುದಾ?

ಆಡುಗೋಡಿ ಕಾರ್ಮಿಕನ ಮಗ

ಬೇಡ ಅಕ್ಕ, ದಯವಿಟ್ಟು ಬೇಡ. ನಿಧಿಗೆ ಹೋಗುವ ಷೇರುದಾರರ ಪಟ್ಟಿಯನ್ನು ಕಂಪನಿಗಳು ವೆಬ್‌ಸೈಟಿನಲ್ಲೇ ಹಾಕಬೇಕು. ಅವರಿಗೆ ಹೆಸರು, ಫೋಲಿಯೊ ಸಿಕ್ಕಿದ್ದು ಹಾಗೆ. ಅದರಲ್ಲಿ ಗುಟ್ಟೇನೂ ಇಲ್ಲ. ಮೂಲ ಪತ್ರ ಅಪರಿಚಿತರ ಕೈಗೆ ಯಾವತ್ತೂ ಕೊಡಬೇಡಿ. ಓಟಿಪಿಯನ್ನೂ ಕೊಡಬೇಡಿ.

ನಿವೃತ್ತ ಬ್ಯಾಂಕ್ ನೌಕರ, ಮಲ್ಲೇಶ್ವರ

ಬ್ಯಾಂಕಿನಲ್ಲಿ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಕೇಳುವ ಅಧಿಕಾರಿ) ಆನ್‌ಲೈನಿನಲ್ಲೇ ದೂರು ಹಾಕಬಹುದು. ಅದಕ್ಕೂ ಕಾಸಿಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಶೇ 25 ಯಾಕೆ ಕೊಡಬೇಕು?

ಊರಿಂದ ದೂರ

ನಿಮ್ಮ ತಮ್ಮನ ಥರ ನಾನೂ ಅಮೆರಿಕದಲ್ಲೇ ಇರುವುದು. ತಮ್ಮನ ಒಪ್ಪಿಗೆ ಪತ್ರಕ್ಕೆ ಇಲ್ಲಿನ ಮಾಮೂಲಿ ನೋಟರಿ ಸಹಿ ಮಾತ್ರ ಸಾಕಾಗದು. ಭಾರತದ ಕಾನ್ಸುಲೇಟಿನಲ್ಲಿ ದೃಢೀಕರಣ ಮಾಡಿಸಿದರೆ, ಇಲ್ಲವೇ ನೋಟರಿ ಆದ ಮೇಲೆ ಅಪೊಸ್ಟೀಲ್ (ಬೇರೆ ದೇಶದಲ್ಲೂ ನಡೆಯುವಂತೆ ಸರ್ಕಾರ ಹಾಕುವ ದೃಢೀಕರಣ) ಮಾಡಿಸಿದರೆ ಒಪ್ಪುತ್ತಾರೆ. ಬ್ಯಾಂಕ್ ಕೊಡುವ ನಮೂನೆಯಲ್ಲೇ ಬರೆಸಿ. ನಾನು ನನ್ನದೇ ಮಾತಿನಲ್ಲಿ ಬರೆದು ಕಳಿಸಿ, ಎರಡನೇ ಸಲ ಮಾಡಿಸಬೇಕಾಯಿತು. ಪವರ್ ಆಫ್ ಅಟಾರ್ನಿ ಕಳಿಸಿದರೆ ಅದು ಅಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಸ್ಟಾಂಪ್ ಶುಲ್ಕ ಕಟ್ಟಿಸಿ. ಅಣ್ಣ ಅಮ್ಮನ ಜೊತೆ ಓಡಾಡುವಾಗ ನಾನು ಇಲ್ಲಿಂದ ಒಂದು ಸಹಿ ಬಿಟ್ಟು ಬೇರೇನೂ ಮಾಡಲಾಗಲಿಲ್ಲ ಅನ್ನುವ ನೋವಿದೆ. ಆ ಸಹಿಯನ್ನಾದರೂ ತಮ್ಮ ಸರಿಯಾಗಿ ಮಾಡಿ ಕಳಿಸಲಿ.

ಜಯನಗರದ ಮಗಳು

ಎರಡೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಉತ್ತರ ಕೊಡಬೇಕು ಅನ್ನಿಸಿತು.

ವಂಶವೃಕ್ಷ ಬಂತು, ನಾಲ್ಕು ಹೆಸರಿನದು. ಅಫಿಡವಿಟ್‌ನಲ್ಲಿ ಅಪ್ಪನ ನಾಲ್ಕು ಹೆಸರು, ಅಮ್ಮನ ಎರಡು ಹೆಸರು, ಚುಕ್ಕೆ ಸಮೇತ ಹಾಕಿಸಿದೆ. ಟೈಪ್ ಮಾಡುವ ಹುಡುಗ ಎರಡು ಕಡೆ ಸರಿ ಮಾಡಿದ್ದ. ತಿದ್ದಿಸಿದೆ. ಎಫ್‌ಡಿ ಹಣ ಅಮ್ಮನ ಖಾತೆಗೆ ಬಂತು. ಪಾಸ್‌ಬುಕ್ಕಿಗೆ ನಾಮಿನಿ ಇರಲಿಲ್ಲವಲ್ಲ, ಅದಕ್ಕೆ ಅಜ್ಜಿಯ ಒಪ್ಪಿಗೆ ಬೇಕಾಗಿತ್ತು.

ಅಜ್ಜಿಗೆ ಈಗ ಪೆನ್ನು ಹಿಡಿಯಲಾಗುವುದಿಲ್ಲ. ತುಮಕೂರಿಗೆ ಹೋಗಿದ್ದೆವು. ಬ್ಯಾಂಕಿನ ಅಲ್ಲಿನ ಶಾಖೆಯಿಂದ ಒಬ್ಬ ಅಧಿಕಾರಿ ಮನೆಗೇ ಬಂದರು. ಚಿಕ್ಕಪ್ಪ ಇಂಕಿನ ಪ್ಯಾಡ್ ಹಿಡಿದರು. ಅಜ್ಜಿ ಹೆಬ್ಬೆಟ್ಟು ಒತ್ತುವ ಮುಂಚೆ "ಇದೇನಿದು" ಅಂತ ಕೇಳಿದರು. ಅಪ್ಪನ ಹಳೇ ಖಾತೆ ಅಜ್ಜಿ, ನಿಮಗೂ ಪಾಲಿದೆ, ಬೇಕಿದ್ದರೆ ತಗೊಳ್ಳಿ, ಇಲ್ಲಾಂದರೆ ಅಮ್ಮನಿಗೆ ಬಿಟ್ಟುಕೊಡಿ ಅಂತ ಹೇಳಿದೆ. ಪಾಸ್‌ಬುಕ್ ಕೇಳಿದರು. ಕನ್ನಡಕ ಹಾಕಿಕೊಂಡು ಎಂಟ್ರಿ ಒಂದೊಂದೇ ಬೆರಳಿಟ್ಟು ನೋಡಿದರು. 1998ರ ಒಂದು ಎಂಟ್ರಿ ಹತ್ತಿರ ಬೆರಳು ನಿಂತಿತು, ₹3,000 ತೆಗೆದದ್ದು. "ಇದು ನನ್ನ ಕಣ್ಣಿನ ಆಪರೇಷನ್‌ಗೆ ತೆಗೆದದ್ದು" ಅಂದರು. ಅಷ್ಟು ಹೇಳಿ ಹೆಬ್ಬೆಟ್ಟು ಒತ್ತಿದರು.

ಆ ಹಣವೂ ಹೋದ ವಾರ ಬಂತು. ಎಲ್‌ಐಸಿ ಅರ್ಜಿ ಕೊಟ್ಟಿದ್ದೇವೆ. ಷೇರಿಗೆ ರಿಜಿಸ್ಟ್ರಾರ್ ಸಕ್ಸೆಷನ್ ಸರ್ಟಿಫಿಕೇಟೇ ಬೇಕು ಅಂದಿದ್ದಾರೆ, ವಿಜಯನಗರದ ಮೇಡಂ ಹೇಳಿದ ಹಾಗೇ. ಟ್ರಂಕಿನ ತಳದಲ್ಲಿ ಹಾಸಿದ್ದ ಪೇಪರ್ ಎತ್ತಿ ನೋಡಿದೆ ಮೇಡಂ. ಅಂಚೆ ಕಚೇರಿಯ ಒಂದು ಕಿಸಾನ್ ವಿಕಾಸ ಪತ್ರ ಇದೆ. ಅದು ಅಜ್ಜಿಯ ಹೆಸರಿನಲ್ಲಿದೆ.

ವಕೀಲೆ, ವಿಜಯನಗರ

ಅದನ್ನು ಷೆಡ್ಯೂಲಿಗೆ ಸೇರಿಸಬೇಡಿ. ಅದು ಅವರದ್ದೇ. ಈ ವಾರವೇ ಮತ್ತೆ ತುಮಕೂರಿಗೆ ಹೋಗಿ, ಅಜ್ಜಿಯ ಆಧಾರ್, ಪಾನ್, ಪಾಸ್‌ಬುಕ್ ತಗೊಂಡು ಅಂಚೆ ಕಚೇರಿಯಲ್ಲಿ ವಿಚಾರಿಸಿ. ಅವರ ಕೈಯಲ್ಲೇ ಆಗಿಬಿಡಲಿ.

ಜಯನಗರದ ಮಗಳು

ಶನಿವಾರ ಹೊರಡುತ್ತಿದ್ದೇವೆ.